ಹೊಳೆಗಿಳಿಯುವ ಮಗ

ಅಮೆರಿಕದ ಮೊಂಟಾನಾ ರಾಜ್ಯದ ಲಿವಿಂಗ್‌ಸ್ಟನ್‌ನಂಥ ಪುಟ್ಟ ಊರು, ಪಕ್ಕದಲ್ಲೇ ಯೆಲ್ಲೊಸ್ಟೋನ್ ನದಿ. ಮೀನು-ಮಾಂಸ ಮುಟ್ಟದ ಮನೆಯ 14 ವರ್ಷದ ಹುಡುಗ ಶಾಲೆ ಬಿಟ್ಟೊಡನೆ ಇಬ್ಬರು ಗೆಳೆಯರ ಜೊತೆ ಫ್ಲೈ ಫಿಶಿಂಗ್‌ಗೆ, ಅಂದರೆ ಹುಸಿನೊಣ ಕಟ್ಟಿದ ಗಾಳದಿಂದ ಮೀನು ಹಿಡಿಯಲು, ಓಡುತ್ತಾನೆ. ಮೈಸೂರಿನ ಅಜ್ಜಿಗೆ ಸಂಕಟವಾಗದೆ ಇದ್ದೀತೇ?

ನಿಮ್ಮ ಪತ್ರ ಓದಿದೆ ತಾಯಿ, ಆದರೂ ಮಗನನ್ನು ತಡೆಯಬೇಡಿ. ಮೊಂಟಾನಾದ ಅಂಥ ಊರಲ್ಲಿ ಹುಡುಗರ ಸ್ನೇಹ ಕುದುರುವುದೇ ನೀರಿನ ದಂಡೆಯಲ್ಲಿ.

ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಟ್ಟರೆ ಹಿಂಸೆಯೇ ಇಲ್ಲ ಎಂದು ನಾನು ಹೇಳಲಾರೆ. ಕಡಿಮೆ ಮಾಡಬಹುದು, ಅಷ್ಟೇ. ಮುಳ್ಳಿಲ್ಲದ ಕೊಕ್ಕೆ ಬಳಸಲಿ. ಟ್ರೌಟ್ ಮೀನನ್ನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳಲಿ. ಒಣ ಕೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ನೀರಿನ ಬಿಸಿ ಸತತ 3 ದಿನ 73 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಧ್ಯಾಹ್ನ 2ರಿಂದ ಮಧ್ಯರಾತ್ರಿವರೆಗೆ ಮೀನು ಹಿಡಿಯುವುದನ್ನು ಅಲ್ಲಿನ ಮೀನು ಮತ್ತು ವನ್ಯಜೀವಿ ಇಲಾಖೆಯೇ ನಿಲ್ಲಿಸುವುದುಂಟು.

ನನಗೆ ನಿಜವಾದ ಭಯ ಜೂನ್ ತಿಂಗಳದ್ದು. ಹಿಮ ಕರಗಿ ನದಿ ಉಕ್ಕುತ್ತದೆ, ತಡೆಯಲು ದೊಡ್ಡ ಅಣೆಕಟ್ಟೂ ಇಲ್ಲ. ಆಗ ದಂಡೆಯಿಂದಲೇ ಗಾಳ ಎಸೆಯಲಿ, ಒಬ್ಬನೇ ಹೋಗಕೂಡದು. ಈ ಎರಡರಲ್ಲಿ ರಾಜಿ ಬೇಡ.

ಇನ್ನು ಅಜ್ಜಿ. ಪುಕ್ಕ, ನೂಲು ಸುತ್ತಿ ಅವನೇ ಕಟ್ಟಿದ ಹುಸಿನೊಣವನ್ನು ವಿಡಿಯೊ ಕರೆಯಲ್ಲಿ ತೋರಿಸಲಿ. ದಿನಾ ಮಲ್ಲಿಗೆ ಕಟ್ಟುವವರು ಎಂದು ಬರೆದಿದ್ದೀರಲ್ಲ, ಗಂಟು ಸಡಿಲವಾಗಿದ್ದರೆ ಅವರೇ ಬೈದಾರು.