ನವಧಾನ್ಯವೂ ನಿತ್ಯದ ಊಟವೂ

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ತನ್ನ ಮಗನಾದ ಶ್ವೇತಕೇತುವಿಗೆ ಮಾಡುವ ಉಪದೇಶವನ್ನು ಕೇಳದವರು ವಿರಳ. ಅಲ್ಲಿಯ ಮಹಾವಾಕ್ಯದ ಕಡೆಗೆ ಧಾವಿಸುವ ಅವಸರದಲ್ಲಿ ಅದಕ್ಕೂ ಮೊದಲು ಬರುವ ಒಂದು ಪುಟ್ಟ ಪ್ರಸಂಗವನ್ನು ನಾವು ದಾಟಿ ಹೋಗುತ್ತೇವೆ. ಹನ್ನೆರಡು ವರ್ಷ ಗುರುಕುಲದಲ್ಲಿದ್ದು, ವೇದಗಳನ್ನೆಲ್ಲ ಕಲಿತು, ತುಸು ಗರ್ವದಿಂದಲೇ ಮನೆಗೆ ಮರಳಿದ ಮಗನಿಗೆ ತಂದೆಯು ತಿಂದ ಅನ್ನ ಮೂರು ಬಗೆಯಾಗುವುದೆಂದು ಹೇಳುತ್ತಾನೆ. ಸ್ಥೂಲಭಾಗ ಮಲವಾಗಿ ಹೊರಹೋಗುತ್ತದೆ, ಮಧ್ಯಮಭಾಗ ಮಾಂಸವಾಗುತ್ತದೆ, ಮೊಸರನ್ನು ಕಡೆದಾಗ ಬೆಣ್ಣೆ ಮೇಲೇಳುವಂತೆ ಸೂಕ್ಷ್ಮಭಾಗ ಮೇಲೆದ್ದು ಮನಸ್ಸಾಗುತ್ತದೆ. ಮಗನಿಗೆ ಇದು ಮನದಟ್ಟಾಗಲಿಲ್ಲ. ತಂದೆ ವಾದಕ್ಕಿಳಿಯಲಿಲ್ಲ, ಹದಿನೈದು ದಿನ ಉಣ್ಣಬೇಡ, ನೀರನ್ನು ಮಾತ್ರ ಬೇಕಾದಷ್ಟು ಕುಡಿ ಎಂದ. ಹದಿನಾರನೆಯ ದಿನ ವೇದ ಹೇಳೆಂದರೆ ಶ್ವೇತಕೇತುವಿಗೆ ಒಂದು ಋಕ್ಕೂ ಹೊಳೆಯಲಿಲ್ಲ. ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಬಂದಿತು. ಮಿಂಚುಹುಳುವಿನಷ್ಟು ಉಳಿದ ಕೆಂಡಕ್ಕೆ ಹುಲ್ಲು ಹಾಕಿದರೆ ಮತ್ತೆ ಉರಿದೇಳುವುದಿಲ್ಲವೆ, ಹಾಗೆ.

ಭಕ್ತಿವಿಭಾಗದ ಪುಟಗಳಲ್ಲಿ ಅಡಿಗೆಮನೆಯ ಮಾತೇಕೆ ಎಂದು ಕೇಳುವ ಓದುಗರಿಗೆ ಆರುಣಿಯ ಈ ಪ್ರಯೋಗವೇ ಉತ್ತರವಾಗಲಿ. ಅನ್ನವನ್ನು ಉಪನಿಷತ್ತು ಹೀನಾಯವಾಗಿ ಕಂಡಿಲ್ಲ. ನಾವು ಮಾತ್ರ ದೇವರ ಮುಂದೆ ಇಡುವ ಅನ್ನಕ್ಕೆ ಒಂದು ಶ್ರದ್ಧೆ, ದಿನವೂ ಉಣ್ಣುವ ಅನ್ನಕ್ಕೆ ಒಂದು ಔದಾಸೀನ್ಯ ಎಂದು ಎರಡು ಮಾಡಿಕೊಂಡಿದ್ದೇವೆ.

ಈ ಲೇಖಕನು ಮುಂಬಯಿಗೆ ಬಂದು ನಾಲ್ಕು ದಶಕಗಳಾದವು. ತಾಯಿಯವರು ತುಮಕೂರು ಜಿಲ್ಲೆಯ ಹಳ್ಳಿಯಿಂದ ಬರುವಾಗಲೆಲ್ಲ ರೈಲಿನಲ್ಲಿ ರಾಗಿಹಿಟ್ಟಿನ ಚೀಲವೊಂದನ್ನು ಹೊತ್ತು ತರುತ್ತಿದ್ದರು. ಚಾಳಿನ ನೆರೆಯವರು ಬಾಗಿಲಲ್ಲಿ ಕಂಡರೆ ನಾನು ಮುದ್ದೆಯ ತಟ್ಟೆಯನ್ನು ಒಳಕ್ಕೆ ಸರಿಸುತ್ತಿದ್ದೆ. ಅದು ಅಮ್ಮನ ಕಣ್ಣಿಗೆ ಬಿದ್ದಿತ್ತು. ಅವರು ಏನೂ ಅನ್ನಲಿಲ್ಲ. ಅವರು ತೀರಿಕೊಂಡ ಮೇಲೆ ಚೀಲವೂ ಬರಲಿಲ್ಲ, ನಾವೂ ಹುಡುಕಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ರಕ್ತಪರೀಕ್ಷೆಯಲ್ಲಿ ಸಕ್ಕರೆ ಕಂಡುಬಂದಾಗ ವೈದ್ಯರು ಗುಳಿಗೆ ಬರೆದುಕೊಟ್ಟು, ಒಂದು ವಾರ ತಿಂದದ್ದನ್ನೆಲ್ಲ ಕಾಗದದ ಮೇಲೆ ಬರೆದು ತರಲು ಹೇಳಿದರು. ಬೆಳಿಗ್ಗೆ ಇಡ್ಲಿ ಅಥವಾ ದೋಸೆ, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ ಇಲ್ಲವೆ ಮಂಡಕ್ಕಿ, ರಾತ್ರಿ ಮತ್ತೆ ಅನ್ನ. ಏಳು ದಿನವೂ ಅದೇ. ಬಗೆಬಗೆಯಾಗಿ ತಿನ್ನುತ್ತಿದ್ದೇವೆಂದು ನಾನು ನಂಬಿದ್ದೆ. ತಿಂದದ್ದು ನಾಲ್ಕು ವೇಷದ ಅಕ್ಕಿಯನ್ನು.

ಅದು ಶರನ್ನವರಾತ್ರಿಯ ವಾರವಾಗಿತ್ತು. ನನ್ನ ಮನೆಯವರು ಬಿಜಾಪುರದ ಕಡೆಯವರಾದ್ದರಿಂದ ನಮ್ಮಲ್ಲಿ ಘಟಸ್ಥಾಪನೆ ಉಂಟು. ಕಲಶದ ಸುತ್ತ ಮಣ್ಣು ಹರಡಿ ಬಿತ್ತಿದ ನವಧಾನ್ಯವು ಮೊಳೆತು ಹಳದಿ ಮಿಶ್ರಿತ ಹಸಿರು ಸಸಿಗಳಾಗಿ ನಿಂತಿತ್ತು. ಆ ಕಾಗದವನ್ನು ಕೈಯಲ್ಲಿ ಹಿಡಿದು ಘಟದ ಮುಂದೆ ಕುಳಿತಾಗ ಮೊದಲ ಬಾರಿಗೆ ನಾನು ನವಧಾನ್ಯವನ್ನು ಎಣಿಸಿದೆ: ಗೋಧಿ, ಭತ್ತ, ತೊಗರಿ, ಹೆಸರು, ಕಡಲೆ, ಅವರೆ, ಎಳ್ಳು, ಉದ್ದು, ಹುರುಳಿ. ಈ ಪಟ್ಟಿ ಪ್ರಾಂತದಿಂದ ಪ್ರಾಂತಕ್ಕೆ ತುಸು ಬದಲಾಗುತ್ತದೆ. ನಮ್ಮ ಪುರೋಹಿತರು ಹೇಳುವುದು ಇದನ್ನು. ಒಂಬತ್ತರಲ್ಲಿ ಏಕದಳ ಧಾನ್ಯಗಳು ಎರಡೇ. ಎಣ್ಣೆಕಾಳು ಒಂದು. ಉಳಿದ ಆರೂ ದ್ವಿದಳ ಕಾಳುಗಳು.

ನವಧಾನ್ಯಕ್ಕೆ ಸಂಬಂಧವಿರುವುದು ನವಗ್ರಹಗಳೊಡನೆ. ನಮ್ಮ ಪೂರ್ವಿಕರು ಪೋಷಕಾಂಶಗಳನ್ನು ತೂಗಿ ಅಳೆದು ಈ ಪಟ್ಟಿಯನ್ನು ಮಾಡಿದರೆಂದು ನಾನು ವಾದಿಸಲಾರೆ. ಅಂಥ ವಾದಗಳು ಇತ್ತೀಚೆಗೆ ಅತಿಯಾಗಿವೆ. ಆದರೆ ಒಕ್ಕಲಿಗನ ಹೊಲದಲ್ಲಿ ಏನಿತ್ತೋ ಅದು ದೇವರ ಮುಂದೆ ಬಂದಿತೆಂದು ಹೇಳಲು ಅಡ್ಡಿಯಿಲ್ಲ. ಆ ಹೊಲದಲ್ಲಿ ಕಾಳು ಹೇರಳವಾಗಿತ್ತು. ನಮ್ಮ ತಟ್ಟೆಯಲ್ಲಿ ಅದು ಸಾರಿನ ತಳದಲ್ಲಿ ಉಳಿದ ನಾಲ್ಕು ಬೇಳೆಗೆ ಇಳಿದಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ದಿನಕ್ಕೆ 2000 ಕ್ಯಾಲೊರಿ ಬೇಕಾಗುವವರಿಗೆ ಸೂಚಿಸಿರುವ ಊಟದ ತಟ್ಟೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿ 250 ಗ್ರಾಂ. ಬೇಳೆಕಾಳು 85 ಗ್ರಾಂ. ಸೊಪ್ಪು ತರಕಾರಿ 400 ಗ್ರಾಂ. ಹಣ್ಣು 100 ಗ್ರಾಂ. ಶೇಂಗಾ, ಎಳ್ಳು ಮುಂತಾದ ಬೀಜಗಳು 35 ಗ್ರಾಂ. ಹಾಲು ಅಥವಾ ಮೊಸರು 300 ಮಿಲಿಲೀಟರ್. ಎಣ್ಣೆ ತುಪ್ಪ 27 ಗ್ರಾಂ. ಧಾನ್ಯ ಮತ್ತು ಕಾಳುಗಳ ತೂಕ ಬೇಯಿಸುವ ಮುನ್ನಿನದು. ಎಂಬತ್ತೈದು ಗ್ರಾಂ ಬೇಳೆಕಾಳನ್ನು ಒಮ್ಮೆ ತಕ್ಕಡಿಯಲ್ಲಿ ತೂಗಿ ನೋಡಿರಿ. ನಾಲ್ವರ ಸಂಸಾರಕ್ಕೆ ದಿನಕ್ಕೆ ಮುನ್ನೂರ ನಲವತ್ತು ಗ್ರಾಂ ಆಯಿತು. ನಮ್ಮ ಮನೆಯಲ್ಲಿ ಅದರ ಮೂರನೆಯ ಒಂದು ಪಾಲೂ ಬೇಯುತ್ತಿರಲಿಲ್ಲ. ತರಕಾರಿಯ ಲೆಕ್ಕವಂತೂ ಹೇಳುವಂತಿರಲಿಲ್ಲ.

ಧಾನ್ಯದೊಡನೆ ಕಾಳು ಕೂಡಬೇಕೆಂಬುದಕ್ಕೆ ಕಾರಣವಿದೆ. ಅಕ್ಕಿ ಗೋಧಿಗಳ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಸಮೃದ್ಧ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನೀನ್ ಧಾನ್ಯದಲ್ಲಿ ದೊರೆಯುತ್ತದೆ. ಬಿಸಿಬೇಳೆ ಅನ್ನ, ಮುದ್ದೆ-ಹುರುಳಿಸಾರು, ರೊಟ್ಟಿ-ಮಡಿಕೆಕಾಳಿನ ಪಲ್ಯ ಇವೆಲ್ಲ ಈ ದೃಷ್ಟಿಯಿಂದ ಸರಿಯಾದ ಜೋಡಿಗಳು. ಕೆಟ್ಟಿರುವುದು ಜೋಡಿಯಲ್ಲ, ಪ್ರಮಾಣ.

ಅಕ್ಕಿಯನ್ನು ನಿಂದಿಸುವುದು ಇಲ್ಲಿಯ ಉದ್ದೇಶವಲ್ಲ. ಅದನ್ನು ಹೊಳೆಯುವವರೆಗೆ ತೀಡಿಸಿದ್ದು ನಮ್ಮ ತಪ್ಪು. ಡಚ್ ವೈದ್ಯ ಐಕ್‌ಮನ್ ಜಾವಾ ದ್ವೀಪದಲ್ಲಿ ತೀಡಿದ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಸೋತು ಬೀಳುವುದನ್ನೂ, ತೌಡು ತೆಗೆಯದ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡನು. ಜೀವಸತ್ತ್ವಗಳ ಅರಿವಿಗೆ ದಾರಿ ತೆರೆದ ಆ ಕೆಲಸಕ್ಕಾಗಿ 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ತೌಡನ್ನು ಹಸುವಿಗೆ ಹಾಕಿ ಪಿಷ್ಟವನ್ನು ನಾವು ಉಳಿಸಿಕೊಳ್ಳುವುದು ಇಂದಿಗೂ ನಡೆದೇ ಇದೆ.

ಈ ಮಾತು ಬಂದಾಗ ಕನ್ನಡಿಗನಿಗೆ ಕನಕದಾಸರ ರಾಮಧಾನ್ಯಚರಿತೆ ನೆನಪಾಗದಿರದು. ಹದಿನಾರನೆಯ ಶತಮಾನದ ಆ ಪುಟ್ಟ ಷಟ್ಪದಿ ಕಾವ್ಯದಲ್ಲಿ ಅಕ್ಕಿಗೂ ರಾಗಿಗೂ ವ್ಯಾಜ್ಯ. ಲಂಕೆಯಿಂದ ಮರಳುವ ದಾರಿಯಲ್ಲಿ ಶ್ರೀರಾಮನು ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂದು ಕೇಳಲು, ಗೌತಮರು ನರೆದಲೆಗ, ಎಂದರೆ ರಾಗಿ ಎನ್ನುತ್ತಾರೆ. ವ್ರೀಹಿ, ಎಂದರೆ ಭತ್ತ, ಕೆರಳಿ ನರೆದಲೆಗನನ್ನು ಹೀನಾಮಾನವಾಗಿ ಬೈಯುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲು ರಾಮನ ಅಪ್ಪಣೆಯಾಗುತ್ತದೆ. ಅವಧಿ ಮುಗಿದಾಗ ವ್ರೀಹಿ ಕಳೆಗುಂದಿರುತ್ತದೆ, ನರೆದಲೆಗ ಗಟ್ಟಿಯಾಗಿರುತ್ತದೆ. ರಾಘವನು ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಉಳ್ಳವರ ಧಾನ್ಯ ಬಡವರ ಧಾನ್ಯವನ್ನು ಹಳಿಯುವ ಆ ಮಾತುಗಳನ್ನು ಓದುವಾಗ, ಬಾಗಿಲಲ್ಲಿ ನೆರೆಯವರನ್ನು ಕಂಡು ತಟ್ಟೆ ಸರಿಸಿದ ಕೈ ನನಗೆ ಕಾಣಿಸುತ್ತದೆ. ದೇವರು ಹೆಸರು ಕೊಟ್ಟ ಧಾನ್ಯಕ್ಕೆ ನಾನು ನಾಚಿದ್ದೆ.

ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಘಟಕಗಳ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ತೀಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ನಾರಿನ ಅಂಶ ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗೂ ಒಳಗೆ. ಆದರೂ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ರಾಗಿಯೂ ಬಹುಪಾಲು ಪಿಷ್ಟವೇ. ಸಕ್ಕರೆ ಕಾಯಿಲೆಗೆ ರಾಗಿ ಮದ್ದೆಂದು ತಿಳಿದು ಬೆಲ್ಲ ಹಾಕಿದ ನುಣುಪಾದ ರಾಗಿಗಂಜಿಯನ್ನು ಲೋಟಗಟ್ಟಲೆ ಕುಡಿಯುವವರಿದ್ದಾರೆ. ಅವರ ಸಕ್ಕರೆ ಏರುತ್ತದೆ, ಇಳಿಯುವುದಿಲ್ಲ. ಸಣ್ಣ ಮುದ್ದೆ, ಅದರ ಎರಡರಷ್ಟು ಸೊಪ್ಪುಸಾರು ಎಂಬುದು ನನ್ನ ವೈದ್ಯರು ಹಾಕಿಕೊಟ್ಟ ಅಳತೆ. ಮೂತ್ರಪಿಂಡದ ತೊಂದರೆಯುಳ್ಳವರು, ಸಕ್ಕರೆಗೆ ಔಷಧಿ ತೆಗೆದುಕೊಳ್ಳುವವರು ಊಟ ಬದಲಿಸುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು.

ನಮ್ಮೂರ ಧಾನ್ಯ ಇಲ್ಲಿ ಸಿಗದೆಂಬುದು ಹೊರನಾಡ ಕನ್ನಡಿಗರ ಸಾಮಾನ್ಯ ಅಳಲು. ನನ್ನ ಅನುಭವದಲ್ಲಿ ಸಿಗದಿರುವುದು ಧಾನ್ಯವಲ್ಲ, ಅದರ ಹೆಸರು. ರಾಗಿಯನ್ನು ಮುಂಬಯಿ ಪುಣೆಗಳಲ್ಲಿ ನಾಚಣಿ ಎಂದು ಕೇಳಬೇಕು, ಚೆನ್ನೈಯಲ್ಲಿ ಕೇಳ್ವರಗು, ದೆಹಲಿಯಲ್ಲಿ ಮಂಡುವಾ. ದೆಹಲಿಯಲ್ಲಿ ಗಢವಾಲದ ಜನ ಇದನ್ನು ನಮ್ಮಷ್ಟೇ ಪ್ರೀತಿಯಿಂದ ತಿನ್ನುತ್ತಾರೆ. ಹೈದರಾಬಾದಿನಲ್ಲಿ ರಾಗುಲು ಎಂದರೆ ಸಾಕು. ಜೋಳ ಮರಾಠಿಯಲ್ಲಿ ಜ್ವಾರಿ, ತಮಿಳಿನಲ್ಲಿ ಸೋಳಂ, ತೆಲುಗಿನಲ್ಲಿ ಜೊನ್ನ. ಹುರುಳಿ ಮುಂಬಯಿಯಲ್ಲಿ ಕುಳೀಥ, ಚೆನ್ನೈಯಲ್ಲಿ ಕೊಳ್ಳು, ಹೈದರಾಬಾದಿನಲ್ಲಿ ಉಲವಲು, ದೆಹಲಿಯಲ್ಲಿ ಕುಲ್ಥಿ. ನುಗ್ಗೆಸೊಪ್ಪಿಗೆ ತಮಿಳರಲ್ಲಿ ಮುರುಂಗೈ ಕೀರೈ, ತೆಲುಗರಲ್ಲಿ ಮುನಗಾಕು. ದಂಟಿನ ಸೊಪ್ಪಿಗೆ ಮರಾಠಿಗರಲ್ಲಿ ಮಾಠ, ಹಿಂದಿಯವರಲ್ಲಿ ಚೌಲಾಯಿ. ಸೊಪ್ಪಿನವಳನ್ನು ಅವಳ ಭಾಷೆಯಲ್ಲಿ ಕೇಳಿದರೆ ಮರುದಿನ ತಂದುಕೊಡುತ್ತಾಳೆ. ಜೋಳದ ಹಿಟ್ಟನ್ನು ಮಾತ್ರ ಬೇಕಾದಾಗ ಬೇಕಾದಷ್ಟೇ ಬೀಸಿಸಿ ತರುವುದು ಲೇಸು. ಹಳತಾದ ಹಿಟ್ಟಿನ ರೊಟ್ಟಿ ತಟ್ಟಿದರೆ ಬಿರಿಯುತ್ತದೆ.

ಘಟದಲ್ಲಿ ಮೊಳೆತ ಕಾಳಿನ ವಿಷಯಕ್ಕೆ ಮರಳೋಣ. ಕಾಳಿನಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ, ಸತು ಮೊದಲಾದ ಖನಿಜಗಳನ್ನು ಹಿಡಿದಿಟ್ಟುಕೊಂಡು ನಮ್ಮ ದೇಹಕ್ಕೆ ಪೂರ್ತಿಯಾಗಿ ಸಿಗದಂತೆ ಮಾಡುತ್ತದೆ. ನೆನೆಸಿ ಮೊಳಕೆ ಬರಿಸಿದಾಗ ಅದು ಕಡಿಮೆಯಾಗುತ್ತದೆ; ಒಣಕಾಳಿನಲ್ಲಿ ಇಲ್ಲವೆನ್ನುವಷ್ಟಿದ್ದ ಸಿ ಜೀವಸತ್ತ್ವ ಹುಟ್ಟಿಕೊಳ್ಳುತ್ತದೆ. ಇಡ್ಲಿಯ ಹಿಟ್ಟು ಹುಳಿಯುವಾಗಲೂ ಫೈಟಿಕ್ ಆಮ್ಲ ಇಳಿಯುತ್ತದೆ. ಕೋಸಂಬರಿಗೆ, ಉಸಲಿಗೆ ನಿಂಬೆಹಣ್ಣು ಹಿಂಡುವುದು ರುಚಿಗಷ್ಟೇ ಅಲ್ಲ, ಆ ಹುಳಿಯಲ್ಲಿರುವ ಸಿ ಜೀವಸತ್ತ್ವವು ಸೊಪ್ಪು ಕಾಳುಗಳ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಊಟವಾದೊಡನೆ ಕುಡಿಯುವ ಕಾಫಿ, ಚಹಾ ಅದಕ್ಕೆ ಅಡ್ಡಬರುತ್ತವೆ. ಕಾಫಿಯನ್ನು ಬಿಡಿರೆಂದು ಕನ್ನಡಿಗರಿಗೆ ಹೇಳುವ ಧೈರ್ಯ ನನಗಿಲ್ಲ. ಊಟಕ್ಕೂ ಅದಕ್ಕೂ ಒಂದು ಗಂಟೆಯ ಅಂತರವಿರಲಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಇಷ್ಟು ವ್ಯಾಪಕವಾಗಿರುವಾಗ ಇದು ಸಣ್ಣ ಮಾತಲ್ಲ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಆಹಾರವನ್ನು ಮೂರು ಬಗೆಯಾಗಿ ವಿಂಗಡಿಸಿರುವುದು ಎಲ್ಲರಿಗೂ ಗೊತ್ತು. ರಾಜಸ ಆಹಾರದ ಪಟ್ಟಿಯಲ್ಲಿ ಉಪ್ಪಿನ ಹೆಸರಿದೆ ಎಂಬುದನ್ನು ಮಾತ್ರ ಗಮನಿಸಿದವರು ಕಡಿಮೆ. ಅಲ್ಲಿ ಬರುವ ‘ಅತಿ’ ಎಂಬ ಪದವನ್ನು ಆ ಪಟ್ಟಿಯ ಎಲ್ಲದಕ್ಕೂ ಅನ್ವಯಿಸಬೇಕೆಂದು ಶಂಕರಾಚಾರ್ಯರು ಭಾಷ್ಯದಲ್ಲಿ ಸ್ಪಷ್ಟಪಡಿಸುತ್ತಾರೆ. ಉಪ್ಪು ದೋಷವಲ್ಲ, ಅತಿಯಾದ ಉಪ್ಪು ದೋಷ. ದಿನಕ್ಕೆ 5 ಗ್ರಾಂ, ಎಂದರೆ ಒಂದು ಟೀ ಚಮಚೆಗೆ ಮೀರಬಾರದೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ನಮ್ಮ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳಲ್ಲೇ ಅದರ ಬಹುಭಾಗ ಮುಗಿದುಹೋಗುತ್ತದೆ. ಬಾಳೆಯೆಲೆಯ ತುದಿಯಲ್ಲಿ ಉಪ್ಪಿನಕಾಯಿಯನ್ನು ಬೆರಳತುದಿಯಷ್ಟು ಬಡಿಸುವ ಪದ್ಧತಿ ತಟ್ಟೆಗೆ ಬಂದಾಗ ಏಕೆ ಚಮಚೆಯಾಯಿತೋ ತಿಳಿಯದು.

ನವರಾತ್ರಿಯ ಉಪವಾಸದ ಬಗ್ಗೆ ಹೆಚ್ಚು ಬರೆದರೆ ಮುನಿಸಿಗೆ ಗುರಿಯಾಗಬೇಕಾದೀತು. ಆದರೂ ಮುಂಬಯಿ ಪುಣೆಗಳಲ್ಲಿ ನಾವು ಕಲಿತುಕೊಂಡ ಸಾಬೂದಾಣೆಯ ಖಿಚಡಿ ಬಹುಮಟ್ಟಿಗೆ ಶುದ್ಧ ಪಿಷ್ಟವೆಂಬುದನ್ನು ಹೇಳದಿರಲಾರೆ. ಅದರಲ್ಲಿ ಪುಷ್ಟಿ ಕೊಡುವುದು ಶೇಂಗಾಪುಡಿ ಒಂದೇ. ಒಂಬತ್ತು ದಿನ ಅದನ್ನೂ ಕರಿದ ಆಲೂಗೆಡ್ಡೆಯನ್ನೂ ತಿಂದು ಉಪವಾಸವೆನ್ನುವುದಕ್ಕಿಂತ ಹಣ್ಣು, ಹಾಲು, ಮಜ್ಜಿಗೆಗಳಲ್ಲಿರುವುದು ವ್ರತಕ್ಕೂ ದೇಹಕ್ಕೂ ಹಿತ. ಗೀತೆಯ ಆರನೆಯ ಅಧ್ಯಾಯವು ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಸ್ವಲ್ಪವೂ ಉಣ್ಣದವನಿಗೂ ಇಲ್ಲ ಎನ್ನುತ್ತದೆ. ಮಧುಮೇಹಿಗಳು ಗುಳಿಗೆ ನುಂಗಿ ಉಪವಾಸ ಮಾಡುವುದಂತೂ ಪ್ರಾಣಕ್ಕೇ ಅಪಾಯ.

ಮೈಸೂರು ಸೀಮೆಯವರ ಮನೆಗಳಲ್ಲಿ ಬೊಂಬೆ ಕೂರಿಸಿ ಸಂಜೆ ಮಕ್ಕಳಿಗೆ ಚರುಪು ಹಂಚುವುದನ್ನು ನೋಡಿರಿ. ಒಂದು ದಿನ ಕಡಲೆಕಾಳಿನ ಉಸಲಿ, ಒಂದು ದಿನ ಹೆಸರುಬೇಳೆಯ ಕೋಸಂಬರಿ, ಒಂದು ದಿನ ಅಲಸಂದೆ. ಹಾಗೆ ಒಂಬತ್ತು ದಿನ ಕಾಳು ಬದಲಾಗುತ್ತದೆ. ತಮಿಳರ ಸುಂಡಲಿನ ಕ್ರಮವೂ ಇದೇ. ಉಳಿದ ಮುನ್ನೂರೈವತ್ತಾರು ಸಂಜೆ ಅದೇ ಮಕ್ಕಳಿಗೆ ಬಿಸ್ಕತ್ತಿನ ಪೊಟ್ಟಣ. ಈ ಅಂತರವನ್ನು ಕಂಡ ಮೇಲೆ ನಾವು ಮನೆಯಲ್ಲಿ ಮಾಡಿಕೊಂಡ ಬದಲಾವಣೆ ಬಹಳ ಚಿಕ್ಕದು. ದಸರೆ ಮುಗಿದ ಮೇಲೆ ಚರುಪನ್ನು ನಿಲ್ಲಿಸಲಿಲ್ಲ, ಅಷ್ಟೆ. ಪಾಡ್ಯದಿಂದ ನವಮಿಯವರೆಗೆ ಏನೇನು ಮಾಡಿದೆವೋ ಅದೇ ಸರದಿಯನ್ನು ಏಕಾದಶಿಯನ್ನು ಬಿಟ್ಟು ಮತ್ತೆ ಮೊದಲಿಂದ ಆರಂಭಿಸುತ್ತೇವೆ. ದೇವರ ಮುಂದೆ ಒಂದು ಬಟ್ಟಲು ಇಟ್ಟು ಎಲ್ಲರೂ ತಿನ್ನುತ್ತೇವೆ. ರಾತ್ರಿ ಅನ್ನದ ಬದಲು ಮೂರು ದಿನ ರೊಟ್ಟಿ, ಎರಡು ದಿನ ಮುದ್ದೆ. ನನ್ನ ಗುಳಿಗೆ ನಿಂತಿಲ್ಲ. ಒಂದು ವರ್ಷದಲ್ಲಿ ಅದರ ಪ್ರಮಾಣವನ್ನು ವೈದ್ಯರು ಅರ್ಧಕ್ಕಿಳಿಸಿದರು.

ಹೊಸದಾಗಿ ಆರಂಭಿಸುವವರಿಗೆ ಅಡಿಗೆಯ ಒಂದೆರಡು ಮಾತು. ಮೊಳಕೆಕಾಳನ್ನು ಹಸಿಯಾಗಿ ತಿನ್ನದೆ ಹಬೆಯಲ್ಲಿ ಬೇಯಿಸಿರಿ; ಜೀರ್ಣಕ್ಕೂ ಸುಲಭ, ನಗರದ ನೀರಿನ ದೋಷವೂ ಕಳೆಯುತ್ತದೆ. ಕಾಳಿನ ಅಭ್ಯಾಸ ತಪ್ಪಿದ ಹೊಟ್ಟೆ ಮೊದಲ ವಾರ ಉಬ್ಬರಿಸುವುದುಂಟು, ಆದುದರಿಂದ ಅರ್ಧ ಬಟ್ಟಲಿನಿಂದ ತೊಡಗಿ ಶುಂಠಿ, ಇಂಗು ತುಸು ಹೆಚ್ಚು ಹಾಕಿರಿ. ಹೆಸರುಬೇಳೆ ಒಂದು ಗಂಟೆಯಲ್ಲಿ ನೆನೆಯುತ್ತದೆ. ಸ್ನಾನ, ಪೂಜೆ ಮುಗಿಸುವುದರೊಳಗೆ ಕೋಸಂಬರಿಗೆ ಸಿದ್ಧ. ಹುರುಳಿಯನ್ನು ಮಾತ್ರ ಹಿಂದಿನ ರಾತ್ರಿ ದೀಪ ಶಾಂತಮಾಡುವ ಹೊತ್ತಿಗೇ ನೀರಿಗೆ ಹಾಕಬೇಕು.