ಈರುಳ್ಳಿಗೆ ಬಂದ ರೋಗ ಯಾವುದು? ನೋಡಿ, ಆಮೇಲೆ ಔಷಧಿ ಹೊಡೆಯಿರಿ



ಶಿವನಿ, ಅಜ್ಜಂಪುರದ ಕಡೆ ಮುಂಗಾರಿನಲ್ಲಿ ಈರುಳ್ಳಿ ಹಾಕುವವರು ಬಹಳ ಮಂದಿ. ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದರೆ ಗರಿ ಒಣಗಲು ಶುರು. ಆದರೆ ಎಲ್ಲಕ್ಕೂ ಕಾರಣ ಒಂದೇ ಅಲ್ಲ. ತಪ್ಪು ಔಷಧಿ ಹೊಡೆದರೆ ಸಾಲದ ದುಡ್ಡು ಹೋಗುತ್ತದೆ, ರೋಗ ಹೋಗುವುದಿಲ್ಲ. ಗುರುತು ಹೀಗಿದೆ:

1. ನೇರಳೆ ಮಚ್ಚೆ ರೋಗ: ಮೊದಲು ಸಣ್ಣ ಬಿಳಿ ಚುಕ್ಕೆ. ಅದು ದೊಡ್ಡದಾಗಿ ನಡುವೆ ನೇರಳೆ ಬಣ್ಣ, ಸುತ್ತ ಉಂಗುರಗಳು. ಮಚ್ಚೆ ಇದ್ದಲ್ಲೇ ಗರಿ ಮುರಿದು ಬೀಳುತ್ತದೆ.

2. ತಿರುಚು ರೋಗ: ಗರಿ ಸುರುಳಿಯಾಗಿ ತಿರುಚುತ್ತದೆ, ಕುತ್ತಿಗೆ ಉದ್ದವಾಗುತ್ತದೆ, ಗಡ್ಡೆ ದಪ್ಪವಾಗುವುದಿಲ್ಲ.

3. ಬುಡ ಕೊಳೆ ರೋಗ: ಗರಿ ತುದಿಯಿಂದ ಹಳದಿಯಾಗುತ್ತದೆ. ಎಳೆದರೆ ಗಿಡ ಸಲೀಸಾಗಿ ಬರುತ್ತದೆ. ಬೇರು ಕೊಳೆತು, ಗಡ್ಡೆಯ ತಳದಲ್ಲಿ ಬಿಳಿ ಬೂಷ್ಟು ಇರುತ್ತದೆ.

ಈ ಮೂರೂ ಶಿಲೀಂಧ್ರ ರೋಗಗಳು. ಗರಿಯ ಮೇಲೆ ಬೆಳ್ಳಿಯಂಥ ಬಿಳಿ ಗೀರುಗಳಿದ್ದರೆ ಸುಳಿ ಬಿಡಿಸಿ ನೋಡಿ. ಸಣ್ಣ ಹುಳ ಓಡಾಡುತ್ತಿದ್ದರೆ ಅದು ಥ್ರಿಪ್ಸ್ ನುಸಿ. ಶಿಲೀಂಧ್ರದ ಔಷಧಿಗೆ ಅದು ಸಾಯದು.

ನೇರಳೆ ಮಚ್ಚೆಗೆ ಲೀಟರ್ ನೀರಿಗೆ 2.5 ಗ್ರಾಂ ಮ್ಯಾಂಕೋಜೆಬ್ ಬೆರೆಸಿ. ಈರುಳ್ಳಿ ಗರಿ ನುಣುಪು, ಹನಿ ಜಾರುತ್ತದೆ; ಅಂಟು ದ್ರಾವಣ ಸೇರಿಸಲೇಬೇಕು. ಬುಡ ಕೊಳೆಗೆ ಗರಿಗೆ ಹೊಡೆದು ಫಲವಿಲ್ಲ. ನೀರು ನಿಲ್ಲದಂತೆ ಬಸಿಗಾಲುವೆ ಮಾಡಿ, ಟ್ರೈಕೋಡರ್ಮ ಬೆರೆಸಿದ ಕೊಟ್ಟಿಗೆ ಗೊಬ್ಬರ ಹಾಕಿ, ಮುಂದಿನ ವರ್ಷ ಆ ಹೊಲಕ್ಕೆ ರಾಗಿ ಅಥವಾ ಜೋಳ ಹಾಕಿ.

ಕಳೆ ತೆಗೆಯುವ ಹೆಣ್ಣುಮಕ್ಕಳ ಕಣ್ಣಿಗೇ ರೋಗ ಮೊದಲು ಬೀಳುವುದು. ಅವರಿಗೂ ಈ ಗುರುತುಗಳನ್ನು ತಿಳಿಸಿ. ಅನುಮಾನವಿದ್ದರೆ ಬೇರು ಸಮೇತ ಒಂದು ಗಿಡ ಕಿತ್ತು, ಔಷಧಿ ಅಂಗಡಿಗಿಂತ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ.