ಮೌಖಿಕ ನೆನಪುಗಳ ದಾಖಲಾತಿ: ಕಮಲಾಪುರ ಪರಿಸರದ ಕ್ಷೇತ್ರಕಾರ್ಯದಲ್ಲಿ ಕಂಡ ಒಂದು ಸಮಸ್ಯೆ

ಕನ್ನಡದಲ್ಲಿ ಕ್ಷೇತ್ರಕಾರ್ಯವೆಂದರೆ ಬಹುಮಟ್ಟಿಗೆ ಹಾಡು, ಕಥೆ, ಗಾದೆ, ಒಗಟುಗಳ ಸಂಗ್ರಹವೆಂದೇ ರೂಢಿಯಾಗಿದೆ. ನಮ್ಮ ಹಿರಿಯ ವಿದ್ವಾಂಸರು ಪಠ್ಯವನ್ನು ಅರಸಿ ಹಳ್ಳಿಗಳಿಗೆ ಹೋದರು. ಆ ಪಠ್ಯವನ್ನು ಹೇಳಿದವರ ಸ್ವಂತ ಬದುಕಿನ ನೆನಪು ಹೆಚ್ಚೆಂದರೆ ಪ್ರಸ್ತಾವನೆಯ ಒಂದು ವಾಕ್ಯವಾಗಿ ಉಳಿಯಿತು. ಹಾಡಿಗೆ ಆದಿ, ಅಂತ್ಯ, ಲಯಗಳಿವೆ. ನೆನಪಿಗೆ ಅವಿಲ್ಲ. ಅದು ಕೇಳುವವರ ಪ್ರಶ್ನೆಗೆ ತಕ್ಕಂತೆ ರೂಪುಗೊಳ್ಳುವುದರಿಂದ ಅದನ್ನು ದಾಖಲಿಸುವ ಕ್ರಮವೂ ಬೇರೆಯಾಗಬೇಕಾಗುತ್ತದೆ. ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ 1948ರ ನೆನಪುಗಳನ್ನು ಧ್ವನಿಮುದ್ರಿಸುವಾಗ ಎದುರಾದ ಒಂದು ಭಾಷಿಕ ಸಮಸ್ಯೆಯನ್ನು ಪ್ರಸ್ತುತ ಲೇಖನದಲ್ಲಿ ಚರ್ಚಿಸಲಾಗಿದೆ.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಈ ಪ್ರದೇಶ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ರಜಾಕಾರರ ಹಾವಳಿ, 1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ, ಅದರ ನಂತರದ ತಿಂಗಳುಗಳು, ಇವುಗಳನ್ನು ಕಣ್ಣಾರೆ ಕಂಡವರಲ್ಲಿ ಆಗ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಹತ್ತಿರದಲ್ಲಿದ್ದಾರೆ. ಕೆಲಸವನ್ನು ಮುಂದೂಡಲು ಅವಕಾಶವಿಲ್ಲ.

ಮೊದಲ ಧ್ವನಿಮುದ್ರಿಕೆಯನ್ನು ಲಿಪ್ಯಂತರಿಸುವಾಗ ನಾನು ಮಾಡಿದ ತಪ್ಪಿನಿಂದಲೇ ಚರ್ಚೆಯನ್ನು ಆರಂಭಿಸಬಹುದು. ವೃದ್ಧೆಯೊಬ್ಬರು ‘ಮನಿ ಸುಟ್ರಂತ’ ಎಂದಿದ್ದುದನ್ನು ಗ್ರಂಥಸ್ಥ ಕನ್ನಡಕ್ಕೆ ತರುವ ಉತ್ಸಾಹದಲ್ಲಿ ‘ಮನೆಯನ್ನು ಸುಟ್ಟರು’ ಎಂದು ಬರೆದಿದ್ದೆ. ಎಂ.ಎ. ತರಗತಿಯಲ್ಲಿ ಕಲಿತ ಶಿಷ್ಟತೆಯ ಅಭ್ಯಾಸ ಅಲ್ಲಿ ಕೆಲಸ ಮಾಡಿತ್ತು. ಕೈಬಿಟ್ಟದ್ದು ಎರಡೇ ಅಕ್ಷರ. ಆದರೆ ಆ ‘ಅಂತ’ ಮಾತಿನ ಅಲಂಕಾರವಲ್ಲ, ಸಾಕ್ಷ್ಯದ ಗುರುತು. ‘ನಾ ನೋಡೀನಿ’ ಎಂದು ಹೇಳುವಲ್ಲಿ ಅವರು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ತಾನು ಕಂಡದ್ದನ್ನೂ ಕೇಳಿದ್ದನ್ನೂ ಅಕ್ಷರವರಿಯದ ಆ ಹೆಂಗಸು ಎಚ್ಚರದಿಂದ ಬೇರ್ಪಡಿಸಿದ್ದರು. ಬೇರ್ಪಡಿಸಲಾರದೆ ಹೋದವಳು ಸಂಶೋಧಕಿ. ನನ್ನ ಲಿಪ್ಯಂತರವನ್ನು ಆಧರಿಸಿ ಮುಂದೆ ಯಾರಾದರೂ ಬರೆದರೆ ಅವರು ಪ್ರತ್ಯಕ್ಷದರ್ಶಿಯಾಗಿಬಿಡುತ್ತಿದ್ದರು.

ಸಮಸ್ಯೆ ಇಷ್ಟಕ್ಕೇ ಮುಗಿಯುವುದಿಲ್ಲ. ಇದೇ ‘ಅಂತ’ ಕೆಲವೆಡೆ ‘ಹಾಗೆ ಹೇಳುತ್ತಾರೆ, ನಾನು ನಂಬುವುದಿಲ್ಲ’ ಎಂಬ ಧ್ವನಿಯನ್ನೂ ಪಡೆಯುತ್ತದೆ. ಅದು ತಿಳಿಯುವುದು ಸ್ವರದ ಏರಿಳಿತದಿಂದ, ಮಾತಿನ ನಡುವಿನ ತಡೆಯಿಂದ. ಬರಹ ಎಷ್ಟೇ ನಿಷ್ಠವಾಗಿದ್ದರೂ ಇದನ್ನು ಹಿಡಿದಿಡಲಾರದು. ಆದ್ದರಿಂದ ಲಿಪ್ಯಂತರ ಮುಗಿದ ಮೇಲೆ ಧ್ವನಿಮುದ್ರಿಕೆಯ ಕೆಲಸ ಮುಗಿಯಿತೆಂದು ಭಾವಿಸುವ ನಮ್ಮ ರೂಢಿಯನ್ನು ಬಿಡಬೇಕಾಗಿದೆ. ಮಹಾಪ್ರಬಂಧ ಸಲ್ಲಿಕೆಯಾದ ಬಳಿಕ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾದ ಉದಾಹರಣೆಗಳು ನಮ್ಮಲ್ಲಿ ಅನೇಕರಿಗೆ ಗೊತ್ತು.

ಕಾಲದ ಹೆಸರುಗಳ ವಿಚಾರದಲ್ಲಿಯೂ ಇದೇ ಎಚ್ಚರ ಬೇಕು. ಇಲ್ಲಿನ ಹಿರಿಯರು ಇಸವಿ ಹೇಳುವುದು ವಿರಳ. ಹಾಲಿ ಸಿಕ್ಕಾ ನಾಣ್ಯ ನಡೆಯುತ್ತಿದ್ದ ಕಾಲ, ಎಪ್ಪತ್ತೆರಡರ ಬರ ಎಂಬಂಥ ಗುರುತುಗಳಿಂದ ವಯಸ್ಸನ್ನೂ ಮದುವೆಯನ್ನೂ ಲೆಕ್ಕಹಾಕುತ್ತಾರೆ. ಹಳೆಯ ಕಂದಾಯ ಕಾಗದಗಳಲ್ಲಿ ಫಸಲಿ ವರ್ಷವಿರುತ್ತದೆ. ಅದಕ್ಕೆ 590 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ದೊರೆಯುತ್ತದೆ. ಈ ಪರಿವರ್ತನೆ ಸುಲಭ. ಕಷ್ಟವಿರುವುದು ‘ರಜಾಕಾರರ ಗದ್ದಲ’ ಎಂಬ ಹೆಸರಿನಲ್ಲಿ. ಒಬ್ಬರು ಆ ಗದ್ದಲದಲ್ಲಿ ನಡೆಯಿತೆಂದು ಹೇಳಿದ ಘಟನೆ, ಅವರೇ ಕೊಟ್ಟ ಇತರ ಸುಳಿವುಗಳ ಪ್ರಕಾರ, ಭಾರತದ ಸೈನ್ಯ ಬಂದ ನಂತರದ್ದಾಗಿತ್ತು. ಇದನ್ನು ಮರೆವೆಂದು ತಿದ್ದಬಹುದಿತ್ತು. ಆದರೆ ಇಟಲಿಯ ವಿದ್ವಾಂಸ ಅಲೆಸ್ಸಾಂಡ್ರೊ ಪೋರ್ತೆಲ್ಲಿ ತೋರಿಸಿರುವ ನಿದರ್ಶನ ಇಲ್ಲಿ ಗಮನಾರ್ಹ. ತೆರ್ನಿ ನಗರದಲ್ಲಿ 1949ರಲ್ಲಿ ಪೊಲೀಸರಿಂದ ಹತನಾದ ಲುಯಿಜಿ ತ್ರಸ್ತುಲ್ಲಿ ಎಂಬ ಕಾರ್ಮಿಕನ ಸಾವನ್ನು ಅಲ್ಲಿನ ಅನೇಕರು 1953ರ ಕೆಲಸಗಾರರ ವಜಾ ವಿರೋಧಿ ಹೋರಾಟದೊಂದಿಗೆ ಸೇರಿಸಿ ನೆನೆಯುತ್ತಿದ್ದರು. ತಪ್ಪಾದ ದಿನಾಂಕವೇ ಅವನ ಸಾವಿಗೆ ಜನ ಕೊಟ್ಟ ಅರ್ಥವನ್ನು ತಿಳಿಸುತ್ತದೆಂಬುದು ಪೋರ್ತೆಲ್ಲಿಯ ವಾದ.

ನಮ್ಮ ಪ್ರದೇಶದಲ್ಲಿ ಈ ಪಲ್ಲಟಕ್ಕೆ ಬೇರೊಂದು ಕಾರಣವೂ ಇದೆ. ಸೆಪ್ಟೆಂಬರ್ 17ನ್ನು ವಿಮೋಚನೆಯ ದಿನವಾಗಿ ಆಚರಿಸುತ್ತ ಬಂದಿದ್ದೇವೆ. ಅದಕ್ಕೆ ಹಿಂದಿನ ಹಿಂಸೆಯನ್ನು ಹೇಳಲು ಭಾಷೆಯಿದೆ, ವೇದಿಕೆಯಿದೆ. ಅನಂತರದ ಹಿಂಸೆಗೆ ಅವೆರಡೂ ಇಲ್ಲ. ಪಂಡಿತ ಸುಂದರಲಾಲ್ ಸಮಿತಿ ಅತಿಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಹೆಸರಿಸಿತ್ತು. ಸಂಸ್ಥಾನದಾದ್ಯಂತ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜಿಸಿತ್ತು. ಆ ವರದಿ ದಶಕಗಳ ಕಾಲ ಸಾರ್ವಜನಿಕರಿಗೆ ಲಭ್ಯವಿರಲಿಲ್ಲ. ಹೆಸರಿಲ್ಲದ ಅವಧಿಯ ನೆನಪುಗಳು ಹೆಸರಿರುವ ಅವಧಿಯೊಳಗೆ ಸೇರಿಕೊಂಡಿರಬಹುದೆಂದು ಊಹಿಸಲು ಅವಕಾಶವಿದೆ. ವಂಶಾವಳಿಯನ್ನು ಕಾಯ್ದಿಡುವ ಹೆಳವರು ಹಲವು ಮನೆತನಗಳಿಗಿದ್ದಾರೆ. ಇಂಥ ನೆನಪುಗಳನ್ನು ಕಾಯುವ ಹೆಳವರಿಲ್ಲ.

ಆದಕಾರಣ ಲಿಪ್ಯಂತರದಲ್ಲಿ ‘ಅಂತ’ವನ್ನೂ ಕಾಲದ ಹೆಸರನ್ನೂ ಇದ್ದಂತೆಯೇ ಉಳಿಸಿ, ನಮ್ಮ ಲೆಕ್ಕವನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು ಸರಿಯಾದ ಕ್ರಮವೆಂದು ತೋರುತ್ತದೆ. ಮಾತನಾಡುವಾಗ ಯಾರು ಯಾರು ಜೊತೆಗಿದ್ದರೆಂಬುದನ್ನೂ ಬರೆದಿಡಬೇಕು. ಮಗ ಒಳಗೆ ಬಂದೊಡನೆ ಮಾತು ಬೆಳೆಯ ಕಡೆಗೆ ತಿರುಗಿದ್ದನ್ನು ನಾನು ಕಂಡಿದ್ದೇನೆ. ಮೂಲ ಧ್ವನಿಕಡತದ ಎರಡು ಪ್ರತಿಗಳನ್ನು ಎರಡು ಸ್ಥಳಗಳಲ್ಲಿಡುವುದು, ಅದರಲ್ಲೊಂದು ವಿಭಾಗದ ಗ್ರಂಥಾಲಯವಾಗಿರುವುದು ಅಗತ್ಯ.

ಮೇಲೆ ಹೇಳಿದ ವೃದ್ಧೆಗೆ ಧ್ವನಿಮುದ್ರಿಕೆಯನ್ನು ಮತ್ತೆ ಕೇಳಿಸಿದಾಗ ಅವರು ಒಂದು ಮನೆತನದ ಹೆಸರನ್ನು ತೆಗೆಯುವಂತೆ ಕೇಳಿದರು; ಆ ಮನೆಯವರು ಈಗಲೂ ಅದೇ ಓಣಿಯಲ್ಲಿದ್ದಾರೆ. ಲಿಪ್ಯಂತರದಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಮೂಲ ಕಡತವನ್ನು ಅವರ ಜೀವಿತಾವಧಿಯಲ್ಲಿ ಯಾರಿಗೂ ಕೇಳಿಸಬಾರದೆಂಬ ಷರತ್ತನ್ನು ಅದರ ವಿವರಪಟ್ಟಿಯಲ್ಲಿ ಬರೆದು, ಅವರ ಹೆಬ್ಬೆಟ್ಟಿನ ಗುರುತನ್ನು ಪಡೆಯಲಾಗಿದೆ.